ಕುಡುಗೋಲು ಕಣದ ನೋವು

ಡ್ರಿಲ್ ತರಗತಿಯಲ್ಲಿ ಕೈಕಾಲು ನೋವೆಂದು ಕುಳಿತ ಹುಡುಗನನ್ನು ಸೋಮಾರಿ ಎಂದುಬಿಡುವುದು ಸುಲಭ. ಗೂಡಲೂರು ಸೀಮೆಯಲ್ಲಿ ಹಾಗೆನ್ನುವ ಮೊದಲು ಕೊಂಚ ಯೋಚಿಸಬೇಕು. ನೀಲಗಿರಿಯ ಆದಿವಾಸಿಗಳಲ್ಲಿ ಕುಡುಗೋಲಿನಂತೆ ಬಾಗುವ ಕೆಂಪು ರಕ್ತಕಣಗಳಿರುವುದನ್ನು ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು 1952ರಲ್ಲೇ ಪ್ರಕಟಿಸಿದ್ದರು. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಮೂಳೆ ಸೀಳುವಂಥ ನೋವು ಬರುತ್ತದೆ. ಚಳಿ, ನೀರಡಿಕೆ, ಅತಿ ದಣಿವು ಅದನ್ನು ಕೆರಳಿಸುತ್ತವೆ. ನಮ್ಮ ಬೆಟ್ಟದಲ್ಲಿ ಚಳಿಗೆ ಬರವೇ? ಅಂಥ ಮಗುವಿಗೆ ಧಾರಾಳವಾಗಿ ನೀರು ಕುಡಿಸಿ, ಬೆಚ್ಚಗೆ ಹೊದಿಸಿ. ಜ್ವರವೋ ಎದೆನೋವೋ ಏದುಸಿರೋ ಕಂಡರೆ ಮಾತ್ರ ಮನೆಮದ್ದೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಇದು ಅಂಟುರೋಗವಲ್ಲ, ಪಕ್ಕದಲ್ಲಿ ಕೂರಲು ಹೆದರಬೇಡಿ. ತಂದೆತಾಯಿ ಇಬ್ಬರಲ್ಲೂ ಅದರ ಅಂಶವಿದ್ದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಜಾತಕ ನೋಡುವ ಪೋಷಕರು ರಕ್ತಪರೀಕ್ಷೆಯನ್ನೂ ಏಕೆ ಮಾಡಿಸಬಾರದು? ಪರೀಕ್ಷೆಗೆಂದೇ ಕೇಂದ್ರ ಸರ್ಕಾರ 2023ರಲ್ಲಿ ಯೋಜನೆಯನ್ನು ಆರಂಭಿಸಿದೆ.

ಗೂಡಲೂರಿನ ಆದಿವಾಸಿ ಆಸ್ಪತ್ರೆಯಲ್ಲಿ ಆದಿವಾಸಿ ಹೆಣ್ಣುಮಕ್ಕಳೇ ತರಬೇತಿ ಪಡೆದು ದಾದಿಯರಾಗಿದ್ದಾರೆ. ಇಂಥ ದಾದಿಯರನ್ನು ವರ್ಷಕ್ಕೊಮ್ಮೆ ಶಾಲೆಗೆ ಕರೆಸಿ ಪಾಠ ಹೇಳಿಸಬೇಕೆಂಬುದು ನನ್ನ ಅಭಿಪ್ರಾಯ. ಉಪಾಧ್ಯಾಯರೂ ಮಕ್ಕಳ ಜೊತೆಗೇ ಕೂತು ಕೇಳಲಿ.