ಪೊಳ್ಳು ಹರಳುಗಳೂ ಒತ್ತುವಿದ್ಯುತ್ತೂ

ಕಲಬುರಗಿಯ ಐವಾನ್-ಎ-ಶಾಹಿಯ ಸುತ್ತಲಿನ ಮನೆಯಂಗಳಗಳಲ್ಲಿ ಹಾಸಿದ ಶಹಾಬಾದ್ ಕಲ್ಲು ದಿನವಿಡೀ ಜನರ ಕಾಲ್ತುಳಿತಕ್ಕೆ ಮೈಯೊಡ್ಡಿದರೂ ಅದರಲ್ಲಿ ವಿದ್ಯುತ್ತಿನ ಸುಳಿವಿಲ್ಲ. ಬೆಣಚುಕಲ್ಲಿನ ಹರಳನ್ನಾದರೋ ಒತ್ತಿದೊಡನೆ ಅದರ ಮೈಯಲ್ಲಿ ವಿದ್ಯುದಾವೇಶ ತಲೆದೋರುತ್ತದೆ. 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡ ಸಂಗತಿಯಿದು. ಅಡುಗೆಮನೆಯ ಗ್ಯಾಸ್ ಲೈಟರಿನ ಕಿಡಿಯೂ, ಕೈಗಡಿಯಾರದ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುವುದೂ ಇದರ ಫಲವೇ. ಭೇದಕ್ಕೆ ಕಾರಣ ಪರಮಾಣುಗಳ ಜೋಡಣೆ. ಸುಣ್ಣಕಲ್ಲಿನ ಹರಳಿನಲ್ಲಿ ನಡುಬಿಂದುವಿನ ಇಕ್ಕೆಲಗಳಲ್ಲೂ ಅವು ಸಮನಾಗಿ ನಿಂತಿರುವುದರಿಂದ, ಒತ್ತಡದಿಂದಾದ ಧನ-ಋಣಗಳ ಪಲ್ಲಟಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಬೆಣಚಿನಲ್ಲಿ ಆ ಸಮತೆಯಿಲ್ಲ.

ಈಗ ವಿಜ್ಞಾನಿಗಳ ದೃಷ್ಟಿ ಪೊಳ್ಳು ಹರಳುಗಳತ್ತ ಹರಿದಿದೆ. ಲೋಹದ ಗಂಟುಗಳನ್ನು ಇಂಗಾಲಯುಕ್ತ ಅಣುಗಳ ಕೊಂಡಿಗಳಿಂದ ಬಿಗಿದು ಕಟ್ಟಿದ, ಕಂಬ ತೊಲೆಗಳ ನಡುವೆ ಬರಿಯ ಕೋಣೆಗಳೇ ತುಂಬಿದ ಮನೆಯಂತಹ ರಚನೆಗಳಿವು. ಕೋಣೆಯ ಅಗಲ ನ್ಯಾನೊಮೀಟರಿನ, ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲಿನ ಆಸುಪಾಸು. ಒಂದೇ ಗ್ರಾಮಿನ ಒಳಮೈಯನ್ನು ಹರಡಿದರೆ ಕೆಲವು ಸಾವಿರ ಚದರ ಮೀಟರಾದೀತು! ಇವನ್ನು ಕಟ್ಟುವ ಬಗೆಯನ್ನು ಬೆಳೆಸಿದ ಕಿಟಗಾವ, ರಾಬ್ಸನ್, ಯಾಘಿ ಎಂಬ ಮೂವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಕನ್ನಡನಾಡಿಗೂ ಈ ವಿದ್ಯೆ ಹೊಸದಲ್ಲ. 1989ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಅವರು ಇಂತಹ ತೆರೆದ ಚೌಕಟ್ಟಿನ ಹರಳುಗಳನ್ನು ಕುರಿತು ವಿಪುಲವಾಗಿ ಶೋಧಿಸಿದ್ದಾರೆ.

ಸಮತೆಯಿಲ್ಲದ ಪೊಳ್ಳು ಹರಳಿನ ಮೇಲೆ ಅತಿಸೂಕ್ಷ್ಮವಾದ ಸೂಜಿಮೊನೆಯನ್ನೂರಿ ವೋಲ್ಟೇಜ್ ಹೂಡಿದರೆ ಅದು ಉಬ್ಬಿ ಕುಗ್ಗುತ್ತದೆ. ಆ ಉಬ್ಬು ಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲುಗಳ ಲೆಕ್ಕದ್ದು. ಬಳಕೆಯಲ್ಲಿರುವ ಸೀಸಯುಕ್ತ ಪಿಂಗಾಣಿಯ ಬಲ ಇವಕ್ಕಿಲ್ಲ. ಕೆಲವಂತೂ ತೇವ ತಗಲಿದರೆ ಕುಸಿಯುತ್ತವೆ. ಆದರೆ ಇವು ಹಗುರ, ಮೆದು. ಕೋಣೆಯೊಳಗೆ ಬೇರೊಂದು ಅಣು ಅತಿಥಿಯಾಗಿ ಹೊಕ್ಕರೆ ಗುಣವೇ ಮಾರ್ಪಡಬಲ್ಲದು. ಸೂಕ್ಷ್ಮ ಸ್ಪರ್ಶವನ್ನೋ ಅನಿಲವನ್ನೋ ಗುರುತಿಸುವ ಸಾಧನಗಳಿಗೆ ಇವು ಒದಗಿಯಾವು. ನಡೆದಾಡಿದರೆ ಊರಿಗೆಲ್ಲ ದೀಪ ಹೊತ್ತುವುದೆಂಬ ಡಂಗುರ ಮಾತ್ರ ಸಲ್ಲದು.

ಇಷ್ಟನ್ನೂ ಕನ್ನಡದಲ್ಲಿ ಹೇಳಬಹುದೆಂದ ಮೇಲೆ, ಕನ್ನಡ ಮಾಧ್ಯಮದ ವಿದ್ಯಾರ್ಥಿ ಕಾಲೇಜಿನ ಹೊಸ್ತಿಲಲ್ಲಿ ಮೂಕನಾಗಿ ನಿಲ್ಲುವುದೇಕೆ? ತಪ್ಪು ಅವನದಲ್ಲ, ಪದ ಕಟ್ಟುವವರದು. 'ಪೀಡನ ವಿದ್ಯುತ್' ಎಂಬುದು ಧಾತ್ವರ್ಥಕ್ಕೆ ಸರಿಯೇ, ಸಂಸ್ಕೃತದಲ್ಲಿ ಪೀಡಿಸುವುದೆಂದರೆ ಒತ್ತುವುದೂ ಹೌದು. ಆದರೆ ಕನ್ನಡದ ಕಿವಿಗೆ ಅದು ಕಾಟವೇ. 'ಒತ್ತುವಿದ್ಯುತ್' ಎಂದರೆ ಅರಿಸಮಾಸವೆಂದು ಮೂಗು ಮುರಿಯುವವರುಂಟು. ಬಿರುದಾವಳಿಗಳಲ್ಲಿಯೂ ಹಿಂದಿನ ಕವಿಪ್ರಯೋಗಗಳಲ್ಲಿಯೂ ಅರಿಸಮಾಸವನ್ನು ಮನ್ನಿಸಿದ ಕೇಶಿರಾಜನಿಗಿಂತ ಇವರು ಬಿಗಿಯಾದವರೇ? ಪದಕೋಶ ರಚಿಸುವ ಪಂಡಿತರು ಪ್ರಯೋಗಾಲಯದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದಿದ್ದರೆ ಮುಂದಿನ ಮುದ್ರಣದಲ್ಲಿಯೂ ಪೀಡನವೇ ಅಚ್ಚಾಗುತ್ತದೆ.