ಒಂದು ‘ಇಸು’, ನಾಲ್ಕು ಇಂಗ್ಲಿಷು

ಮಿಸಿಸಾಗದ ನಮ್ಮ ಪ್ರಯೋಗಶಾಲೆಯ ವರದಿಯಲ್ಲಿ, ಸಹಾಯಕರಿಂದ ಪರೀಕ್ಷೆಯನ್ನು ಮತ್ತೆ ‘ಮಾಡಿಸಿದೆವು’ ಎನ್ನಲು ನಾವು ‘ಮೇಕ್’ ಎಂದು ಬರೆದೆವು. ಅವರು ಎರಡು ದಿನ ಮಾತು ಬಿಟ್ಟರು. ಅದು ಬಲವಂತದ ಪದವಂತೆ! ಕೆಲಸ ವಹಿಸಿದರೆ ‘ಹ್ಯಾವ್’, ನಯವಾಗಿ ಹೇಳಿ ಒಪ್ಪಿಸಿದರೆ ‘ಗೆಟ್’, ತಡೆಯದೆ ಬಿಟ್ಟರೆ ‘ಲೆಟ್’. ಇವುಗಳಲ್ಲಿ ‘ಗೆಟ್’ ಒಂದಕ್ಕೇ ಮುಂದಿನ ಕ್ರಿಯಾಪದದ ಹಿಂದೆ ‘ಟು’ ಬೇಕು.

ನಮ್ಮ ‘ಇಸು’ ಇದೊಂದನ್ನೂ ವಿಚಾರಿಸುವುದಿಲ್ಲ: ಮಾಡಿಸು, ಓದಿಸು, ಕಲಿಸು. ಬಲವೋ ಒಲವೋ, ಕೇಳಿದವರೇ ಸಂದರ್ಭದಿಂದ ಅರಿಯಬೇಕು.

ಹಾಗಾದರೆ ಮನೆಯಲ್ಲಿ ಮಕ್ಕಳಿಗೆ ಕನ್ನಡ ‘ಕಲಿಸು’ವಾಗ ನಮ್ಮದು ಯಾವುದು? ‘ಮೇಕ್’ ಆದರೆ ಮಗಳು ಇಂಗ್ಲಿಷಿನಲ್ಲೇ ಜಗಳಕ್ಕೆ ನಿಲ್ಲುತ್ತಾಳೆ. ‘ಲೆಟ್’ ಆದರೆ ಟಿವಿ ಮುಂದೆ ಕೂರುತ್ತಾಳೆ. ಸದ್ಯಕ್ಕೆ ಕಥೆ ಹೇಳಿ ‘ಗೆಟ್’ ಪ್ರಯೋಗ ನಡೆಸಿದ್ದೇವೆ. ನಿಮ್ಮ ಮನೆಯಲ್ಲಿ ಯಾವುದು ಫಲಿಸಿತು, ದಯವಿಟ್ಟು ತಿಳಿಸಿ.