ಹೊಸ್ತಿಲಾಚೆಯ ವಿದ್ಯುತ್ ಪೆಟ್ಟಿಗೆ

ಕಳೆದ ತಿಂಗಳು ಸಾಸ್ತೂರಿನಲ್ಲಿರುವ ನಮ್ಮ ಸೋದರಮಾವನ ಮನೆಗೆ ಹೋಗಿದ್ದೆ. ಊಟ ಮುಗಿಯುವುದರೊಳಗೆ ಅತ್ತೆಯವರು ಒಂದು ದೂರನ್ನು ಮುಂದಿಟ್ಟರು. ಮೀಟರು, ಮುಖ್ಯ ಸ್ವಿಚ್ಚು, ಎಂಸಿಬಿಗಳು ಎಲ್ಲವೂ ಹೊರಗೋಡೆಯ ಮೇಲೆ ಒಂದೇ ಪೆಟ್ಟಿಗೆಯಲ್ಲಿವೆ. ಮಳೆಗಾಲದ ರಾತ್ರಿ ಎಂಸಿಬಿ ಬಿದ್ದರೆ ಟಾರ್ಚು ಹಿಡಿದು ಕೆಸರಿನಲ್ಲಿ ಇಳಿಯಬೇಕು. ಓಣಿಯ ಹುಡುಗರು ಆಟಕ್ಕೆಂದು ಸ್ವಿಚ್ಚು ಆರಿಸಿ ಓಡುತ್ತಾರೆ. ‘ಇದನ್ನೆಲ್ಲ ಒಳಗಿನ ಕೋಣೆಗೆ ತರಿಸಿಬಿಡು, ನೀನು ವಕೀಲನಲ್ಲವೇ’ ಎಂದರು. ನಾನು ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲ ಎಂಬುದನ್ನು ಅಲ್ಲಿ ಸಾವಕಾಶವಾಗಿ ಹೇಳಲು ಆಗಲಿಲ್ಲ. ಆದ್ದರಿಂದ ಈ ವಾರದ ಅಂಕಣವನ್ನು ಅದಕ್ಕೇ ಮೀಸಲಿಡುತ್ತೇನೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ನಾಲ್ಕು ಗಂಟೆಗೆ ತುಸು ಮೊದಲು ಭೂಮಿ ನಡುಗಿತು. ಕಿಲ್ಲಾರಿಯ ಹೆಸರು ಜಗತ್ತಿಗೆ ತಿಳಿಯಿತು. ಸಾಸ್ತೂರಿನ ಅಳಲು ಅದಕ್ಕಿಂತ ಕಡಿಮೆಯದಾಗಿರಲಿಲ್ಲ. ಒಟ್ಟು 7,000ಕ್ಕೂ ಹೆಚ್ಚು ಜನ ತೀರಿಕೊಂಡರು. ಅಂದಿನ ಮನೆಗಳನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ. ಎರಡು–ಮೂರು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣು ಹೇರಿದ ಭಾರವಾದ ಮಾಳಿಗೆ. ಬೇಸಿಗೆಯಲ್ಲಿ ತಂಪು ಕೊಡುತ್ತಿದ್ದ ಆ ಮಾಳಿಗೆಯೇ ಮಲಗಿದ್ದವರ ಮೇಲೆ ಬಿತ್ತು.

ನಾನಾಗ ಶಾಲೆಯ ಹುಡುಗ. ನಮ್ಮ ಊರಿನ ಮನೆ ಬಿರುಕು ಬಿಟ್ಟಿತೇ ಹೊರತು ಬೀಳಲಿಲ್ಲ. ಎಲ್ಲರೂ ಅಂಗಳಕ್ಕೆ ಓಡಿ ಬಂದ ಮೇಲೆ ತಂದೆಯವರಿಗೆ ನೆನಪಾದದ್ದು ಕರೆಂಟು. ಮುಖ್ಯ ಸ್ವಿಚ್ಚು ಇದ್ದದ್ದು ನಡುಮನೆಯ ಕತ್ತಲಿನಲ್ಲಿ, ಕಾಳಿನ ಕಣಜದ ಹಿಂದೆ. ಅದನ್ನು ಆರಿಸಲು ಅವರು ಮತ್ತೆ ಒಳಗೆ ಹೋದರು. ತಾಯಿಯವರು ಅವರ ಧೋತರದ ಚುಂಗನ್ನು ಹಿಡಿದು ಬೇಡವೆಂದು ಜಗ್ಗಿದ್ದು ಇಂದಿಗೂ ನನ್ನ ಕಣ್ಣ ಮುಂದಿದೆ. ಅವರು ಹೊರಗೆ ಬಂದರು. ಹಾಗೆ ಒಳಗೆ ಹೋದವರೆಲ್ಲರೂ ಹೊರಗೆ ಬರುತ್ತಾರೆಂಬ ಭರವಸೆ ಯಾರಿಗಿದೆ? ಅನಂತರದ ದಿನಗಳಲ್ಲಿ ಮಳೆಯೂ ಸುರಿಯಿತು. ನೆನೆದ ಮಣ್ಣು, ಹರಿದ ತಂತಿ, ಅದರ ನಡುವೆ ಕೈಯಿಂದ ಕಲ್ಲು ಎತ್ತುವ ಜನ. ಇಂಥ ವೇಳೆಯಲ್ಲಿ ಕುಸಿದ ಮನೆಯ ವಿದ್ಯುತ್ತನ್ನು ಹೊರಗಿನಿಂದಲೇ ಕಡಿಯಲು ಬರುವುದು ಸೌಕರ್ಯದ ಮಾತಲ್ಲ.

ಈ ವಿಚಾರ ನಮ್ಮ ಭಾಗಕ್ಕೆ ಮಾತ್ರ ಹೊಳೆದದ್ದಲ್ಲ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 2020ರ ಆವೃತ್ತಿಯು, ಒಂದು ಅಥವಾ ಎರಡು ಕುಟುಂಬಗಳ ಮನೆಗಳಿಗೆ ತುರ್ತು ಸಂದರ್ಭದಲ್ಲಿ ವಿದ್ಯುತ್ ಕಡಿಯುವ ಸ್ವಿಚ್ಚು ಹೊರಭಾಗದಲ್ಲಿ, ಸುಲಭವಾಗಿ ಕೈಗೆಟಕುವಂತೆ ಇರಬೇಕೆಂದು ವಿಧಿಸಿತು. ಬೆಂಕಿ ಆರಿಸಲು ಬಂದವರು ಉರಿಯುವ ಮನೆಯೊಳಗೆ ಫಲಕವನ್ನು ಹುಡುಕುತ್ತ ಹೋಗಬಾರದೆಂಬುದು ಅದರ ಆಶಯ. ನಮ್ಮ ದೇಶದ ನಿಯಮಗಳು ‘ಹೊರಗೆ’ ಎನ್ನುವುದಿಲ್ಲ. ಆದರೆ 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದಲೂ ಕಟೌಟು ಮತ್ತು ಮುಖ್ಯ ಸ್ವಿಚ್ಚು ಸುಲಭವಾಗಿ ತಲಪುವ ಸ್ಥಳದಲ್ಲಿರಬೇಕೆಂಬ ಮಾತಿದೆ. ಕಣಜದ ಹಿಂದಿನ ಜಾಗ ಯಾವ ಅರ್ಥದಲ್ಲಿಯೂ ಅಂಥ ಸ್ಥಳವಲ್ಲ.

ಹಾಗೆಂದು ಅತ್ತೆಯವರ ದೂರು ಸುಳ್ಳಲ್ಲ. ತಪ್ಪು ಪೆಟ್ಟಿಗೆ ಹೊರಗಿರುವುದರಲ್ಲಿಲ್ಲ, ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುರುಕಿರುವುದರಲ್ಲಿದೆ. ಇಡೀ ಮನೆಯನ್ನು ಕಡಿಯುವ ಮುಖ್ಯ ಸ್ವಿಚ್ಚು ಹೊರಗಿರಲಿ. ಮಿಕ್ಸರು, ಪಂಪು, ದೀಪಗಳ ಬೇರೆ ಬೇರೆ ಎಂಸಿಬಿಗಳು ಒಳಗೆ, ಬಾಗಿಲ ಬಳಿ, ಒಣಗಿದ ಗೋಡೆಯ ಮೇಲಿರಲಿ. ದಿನನಿತ್ಯ ಬೀಳುವುದು ಈ ಸಣ್ಣವೇ. ಅವುಗಳಿಗಾಗಿ ಯಾರೂ ಬರಿಗಾಲಿನಲ್ಲಿ ಹಸಿ ನೆಲದ ಮೇಲೆ ನಿಂತು ತೆರೆದ ಪೆಟ್ಟಿಗೆಗೆ ಕೈ ಹಾಕಬಾರದು.

ಇನ್ನು ಬಿಸಿಲು. ಮಾವನ ಮನೆಯ ಪೆಟ್ಟಿಗೆ ಪಡುವಣ ಗೋಡೆಯ ಮೇಲಿದೆ, ಅದೂ ತಗಡಿನದು. ಮನೆಬಳಕೆಯ ಎಂಸಿಬಿಯ ಅಳತೆಯನ್ನು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ನಿಗದಿ ಮಾಡಿರುತ್ತಾರೆ. ನಮ್ಮ ಏಪ್ರಿಲ್–ಮೇ ತಿಂಗಳಲ್ಲಿ ನೆರಳಿನಲ್ಲಿಯೇ 40 ದಾಟುತ್ತದೆ. ಬಿಸಿಲು ಕುಡಿದ ತಗಡಿನ ಒಳಗೆ ಇನ್ನೂ ಹೆಚ್ಚು. ಆಗ ಎಂಸಿಬಿಯೊಳಗಿನ ಲೋಹದ ಪಟ್ಟಿ ಮೊದಲೇ ಕಾದಿರುವುದರಿಂದ, ಭಾರ ಮಿತಿಯೊಳಗಿದ್ದರೂ ಅದು ಬೀಳುತ್ತದೆ. ಮನೆಯವರು ಎಂಸಿಬಿ ಕೆಟ್ಟಿತೆಂದು ಬಗೆದು ದೊಡ್ಡ ಅಳತೆಯದನ್ನು ಹಾಕಿಸುತ್ತಾರೆ. ಈಗ ತಂತಿ ಕಾದರೂ ಅದು ಬೀಳದು. ಅಪಾಯ ಹುಟ್ಟುವುದೇ ಇಲ್ಲಿ. ಪೆಟ್ಟಿಗೆಯನ್ನು ಮೂಡಣ ಗೋಡೆಗೋ ಚಪ್ಪರದ ಕೆಳಗೋ ಸರಿಸಿದರೆ ಸಾಕಿತ್ತು. ಒಳಗಿನ ಫಲಕದಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಒಂದನ್ನು ಕೂಡಿಸಿ, ಭೂಸಂಪರ್ಕದ ತಂತಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಮಕ್ಕಳ ಜೀವ ಉಳಿಸುವ ಸಲಕರಣೆಗಳಲ್ಲಿ ಇದಕ್ಕಿಂತ ಅಗ್ಗವಾದದ್ದು ಮನೆಯಲ್ಲಿ ಮತ್ತೊಂದಿರಲಾರದು.

ಈಗ ನನ್ನ ವೃತ್ತಿಗೆ ಸೇರಿದ ಮಾತು. ಹೊರಗಿರುವ ಮೀಟರಿನ ಮುದ್ರೆಯನ್ನು ಯಾರೋ ಒಡೆದರೆ ಹೊಣೆ ಯಾರದು? ಕೇಂದ್ರ ವಿದ್ಯುತ್ ಪ್ರಾಧಿಕಾರದ 2006ರ ಮೀಟರು ನಿಯಮಾವಳಿಯ ಪ್ರಕಾರ, ಗ್ರಾಹಕನ ಆವರಣದ ಹೊರಗಿರುವ ಮೀಟರಿನ ಸುರಕ್ಷತೆ ವಿತರಣಾ ಕಂಪನಿಯ ಹೊಣೆ. ಆವರಣದೊಳಗಿದ್ದರೆ ಗ್ರಾಹಕನು ತನ್ನಿಂದಾದಷ್ಟು ಎಚ್ಚರ ವಹಿಸಬೇಕು. ಇಲ್ಲಿಯೇ ಬಹಳ ಜನ ಎಡವುತ್ತಾರೆ. ‘ಮನೆಯ ಹೊರಗೆ’ ಎಂದರೆ ‘ಆವರಣದ ಹೊರಗೆ’ ಎಂದಲ್ಲ. ಬೀದಿಯ ಕಂಬದ ಮೇಲಿನ ಮೀಟರು ಆವರಣದ ಹೊರಗಿನದು. ನಿಮ್ಮ ಅಂಗಳದತ್ತ ಮುಖ ಮಾಡಿದ ಗೋಡೆಯ ಮೇಲಿನದು, ಗಾಳಿ ಮಳೆಗೆ ತೆರೆದಿದ್ದರೂ, ಒಳಗಿನದೇ. ಮೀಟರನ್ನು ಆವರಣದ ಹೊರಗಿಟ್ಟರೆ ಬಳಕೆಯನ್ನು ತೋರಿಸುವ ಒಂದು ಫಲಕವನ್ನು ಗ್ರಾಹಕನ ಆವರಣದಲ್ಲಿ ಒದಗಿಸಬೇಕೆಂದೂ ಅದೇ ನಿಯಮಾವಳಿ 2006ರ ತನ್ನ ಮೂಲ ರೂಪದಲ್ಲಿ ಹೇಳಿತ್ತು. ಅದನ್ನು ಕೇಳಿ ಪಡೆದವರನ್ನು ನಾನಂತೂ ಕಂಡಿಲ್ಲ.

2003ರ ವಿದ್ಯುತ್ ಕಾಯಿದೆಯ 135ನೆಯ ಕಲಮು ಇನ್ನೂ ಕಠಿಣ. ಅನಧಿಕೃತ ಉಪಾಯದಿಂದ ವಿದ್ಯುತ್ ಎಳೆಯುವ ಏರ್ಪಾಡು ಇತ್ತೆಂದು ಸಿದ್ಧವಾದರೆ, ಅಪ್ರಾಮಾಣಿಕತೆ ಗ್ರಾಹಕನದೇ ಎಂದು, ವಿರುದ್ಧ ಸಾಬೀತಾಗುವವರೆಗೆ, ಭಾವಿಸಲಾಗುತ್ತದೆ. ಅಂದರೆ ನಿರಪರಾಧವನ್ನು ತೋರಿಸುವ ಭಾರ ನಿಮ್ಮ ಹೆಗಲಿಗೆ. ಆದ್ದರಿಂದ ಮುದ್ರೆ ಒಡೆದದ್ದು ಕಂಡ ದಿನವೇ ಛಾಯಾಚಿತ್ರ ತೆಗೆದು, ಕಂಪನಿಗೆ ಲಿಖಿತ ಅರ್ಜಿ ಕೊಟ್ಟು, ದಿನಾಂಕ ಹಾಕಿದ ಪೋಚನ್ನು ಇಟ್ಟುಕೊಳ್ಳಿರಿ. ಲೈನ್‌ಮನ್ನಿಗೆ ಬಾಯಿಮಾತಿನಲ್ಲಿ ತಿಳಿಸಿದ್ದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಪರಿಶೀಲನೆಗೆ ಬಂದವರು ಪಂಚನಾಮೆ ಬರೆದರೆ, ಓದದೆ ಸಹಿ ಮಾಡಬೇಡಿರಿ. ಮರಾಠಿಯಲ್ಲಿ ಬರೆದದ್ದು ತಿಳಿಯದಿದ್ದರೆ ಶಾಲೆಗೆ ಹೋಗುವ ಮಗುವಿನಿಂದ ಓದಿಸಿ ಕೇಳಿರಿ. ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಎರಡೂ ಭಾಷೆ ಬರುತ್ತವೆ. ಈ ಲಾಭವನ್ನು ಪಾಲಕರು ಏಕೋ ಮರೆಯುತ್ತಾರೆ.

ಹುಡುಗರ ಕಾಟಕ್ಕೆ ಬೀಗ ಹಾಕಲೇ ಎಂದು ಅತ್ತೆಯವರು ಕೇಳಿದರು. ಬೀಗ ಹಾಕಿ ಕೀಲಿಯನ್ನು ಒಳಗಿನ ದೇವರ ಗೂಡಿನಲ್ಲಿಟ್ಟರೆ ನಾವು ಮತ್ತೆ 1993ರ ನಡುಮನೆಗೇ ಮರಳಿದಂತೆ. ಐದಡಿ ಎತ್ತರದಲ್ಲಿ, ಬಿಗಿಯಾದ ಚಿಲಕದೊಂದಿಗೆ ಇಟ್ಟರೆ ಸಣ್ಣವರ ಕೈಗೆ ನಿಲುಕದು. ದೊಡ್ಡ ಹುಡುಗರಿಗೆ ಅವರ ಗುರುಗಳಿಂದಲೇ ಹೇಳಿಸಬೇಕು.

ಮೀಟರನ್ನು ಸರಿಸುವ ಅಧಿಕಾರ ಮನೆಯವರಿಗಿಲ್ಲ, ಊರಿನ ವಾಯರ್‌ಮನ್ನಿಗೂ ಇಲ್ಲ. ಕಂಪನಿಗೆ ಅರ್ಜಿ ಕೊಡಬೇಕು. ಮೂಡಣ ಗೋಡೆಯ ನಕ್ಷೆಯನ್ನು ಬರೆದು ಮಾವನವರ ಸಹಿ ಹಾಕಿಸಿ ಅರ್ಜಿ ಕಳಿಸಿದ್ದೇವೆ. ಒಳಗಿನ ಫಲಕದ ಕೆಲಸ ಮಾತ್ರ ಕಳೆದ ರವಿವಾರವೇ ಮುಗಿಯಿತು. ಯಾವ ಎಂಸಿಬಿ ಯಾವ ಕೋಣೆಯದೆಂದು ಏಳನೆಯ ಇಯತ್ತೆಯ ಮೊಮ್ಮಗಳು ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದ್ದಾಳೆ. ‘ಪಡಸಾಲೆ’ ಎಂಬಲ್ಲಿ ಒಂದು ಕೊಂಬು ಹೆಚ್ಚಾಗಿದೆ. ಅತ್ತೆಯವರು ತಿದ್ದಲು ಬಿಡಲಿಲ್ಲ.